ಅಲನ್ ಟ್ಯೂರಿಂಗ್: ಯಂತ್ರ ಮನುಷ್ಯರಂತೆ ಮಾತಾಡಿದರೆ ನಂಬಬಹುದೇ?

ಮೊಬೈಲಿನಲ್ಲಿ ರೈಲ್ವೆ ಟಿಕೆಟ್ ಬುಕ್ ಮಾಡುವಾಗಲೋ, ಯಾವುದಾದರೂ ಅರ್ಜಿ ತುಂಬುವಾಗಲೋ ಒಂದು ಪುಟ್ಟ ಪರೀಕ್ಷೆ ಎದುರಾಗುತ್ತದೆ. ಸೊಟ್ಟಪಟ್ಟ ಅಕ್ಷರಗಳನ್ನು ನೋಡಿ ಟೈಪ್ ಮಾಡಬೇಕು. ಇಲ್ಲವೇ ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನೆಲ್ಲ ಒತ್ತಿ ನಾನು ರೋಬಾಟ್ ಅಲ್ಲ ಎಂದು ತೋರಿಸಬೇಕು. ಇದಕ್ಕೆ ಕ್ಯಾಪ್ಚಾ ಎನ್ನುತ್ತಾರೆ. ಇಂಗ್ಲಿಷಿನ ಉದ್ದನೆಯ ಹೆಸರೊಂದನ್ನು ಕುಗ್ಗಿಸಿ ಮಾಡಿದ ಪದ ಇದು. ಆ ಇಂಗ್ಲಿಷ್ ಪದದ ಸರಿಯಾಗಿ ನಡುವೆ ಇರುವ ‘ಟಿ’ ಅಕ್ಷರ ಒಬ್ಬ ವ್ಯಕ್ತಿಯ ಹೆಸರನ್ನು ಸೂಚಿಸುತ್ತದೆ: ಟ್ಯೂರಿಂಗ್.

ಅಲನ್ ಟ್ಯೂರಿಂಗ್ ತೀರಿಕೊಂಡು 70 ವರ್ಷ ದಾಟಿದೆ. ಆದರೂ ಅವರ ಹೆಸರಿನ ಫಾರ್ವರ್ಡ್‌ಗಳು ನಿಂತಿಲ್ಲ. ಆಪಲ್ ಕಂಪನಿಯ ಕಚ್ಚಿದ ಸೇಬು ಅವರ ನೆನಪಿಗಾಗಿಯೇ ಇಟ್ಟದ್ದು ಎಂದು ಒಂದು ಸಂದೇಶ ಹೇಳುತ್ತದೆ. ಹಿಟ್ಲರನ ರಹಸ್ಯ ಸಂಕೇತವನ್ನು ಅವರೊಬ್ಬರೇ ಭೇದಿಸಿದರು ಎಂದು ಇನ್ನೊಂದು. ಈಚೆಗೆ ಹೆಚ್ಚು ಓಡಾಡುತ್ತಿರುವುದು ಮೂರನೆಯದು: ಎಐ ಈಗ ಟ್ಯೂರಿಂಗ್ ಪರೀಕ್ಷೆಯಲ್ಲಿ ಪಾಸಾಗಿದೆ, ಆದ್ದರಿಂದ ಅದು ಮನುಷ್ಯರಂತೆಯೇ ಯೋಚಿಸುತ್ತದೆ, ಅದು ಹೇಳಿದ್ದನ್ನು ನಂಬಬಹುದು.

ಮೊದಲ ಎರಡು ತಪ್ಪುಗಳಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಮೂರನೆಯದನ್ನು ನಂಬಿದರೆ ಹಣ, ಆರೋಗ್ಯ, ಮರ್ಯಾದೆ ಎಲ್ಲಕ್ಕೂ ಕುತ್ತು ಬರಬಹುದು. ಟ್ಯೂರಿಂಗ್ ಯಾರು, ಅವರು ನಿಜಕ್ಕೂ ಏನು ಕೇಳಿದರು ಎಂಬುದು ಗೊತ್ತಿದ್ದರೆ ಈ ಮೋಸ ಸುಲಭವಾಗಿ ಕಾಣುತ್ತದೆ.

ತುಂಗಭದ್ರೆಯ ನಂಟು

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ಬದುಕು ನಡೆದದ್ದು ದಕ್ಷಿಣ ಭಾರತದಲ್ಲಿ. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಆಗ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲೂ ಅವರು ಕೆಲಸ ಮಾಡಿದ್ದರು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲ್ವೆ ಸೇತುವೆ ಕಟ್ಟಿಸಿದವರು ಅವರು.

ಭಾರತದ ಹವೆ ಮಕ್ಕಳಿಗೆ ಒಗ್ಗುವುದಿಲ್ಲವೆಂದು ಅಲನ್ ಮತ್ತು ಅಣ್ಣ ಜಾನ್ ಇಬ್ಬರನ್ನೂ ಇಂಗ್ಲೆಂಡಿನಲ್ಲೇ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟರು. ಅಪ್ಪ ಅಮ್ಮ ಬರುವುದು ರಜೆಯಲ್ಲಿ ಮಾತ್ರ. 1926ರಲ್ಲಿ ಹುಡುಗ ಹೊಸ ಶಾಲೆಗೆ ಸೇರಬೇಕಿದ್ದ ದಿನವೇ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ಶುರುವಾಗಿ ರೈಲುಗಳು ನಿಂತವು. ಅಲನ್ ಸೈಕಲ್ ಹತ್ತಿ ಸುಮಾರು 97 ಕಿಲೋಮೀಟರ್ ತುಳಿದುಕೊಂಡು ಶಾಲೆ ಮುಟ್ಟಿದ. ಆಗ ಅವನಿಗೆ 14 ಕೂಡ ತುಂಬಿರಲಿಲ್ಲ.

ಆ ಶಾಲೆಯಲ್ಲಿ ಸಿಕ್ಕ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಗಣಿತ, ನಕ್ಷತ್ರ, ರಸಾಯನ ಎಲ್ಲದರಲ್ಲೂ ಇಬ್ಬರೂ ಜೊತೆ. ಕಾಯಿಸದ ಹಾಲಿನಿಂದ ಹರಡುವ ಬಗೆಯ ಕ್ಷಯ ತಗುಲಿ 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ತೀರಿಕೊಂಡ. ದೇಹ ಹೋದ ಮೇಲೆ ಮನಸ್ಸು ಎಲ್ಲಿಗೆ ಹೋಗುತ್ತದೆ? ಮನಸ್ಸು ಅಂದರೆ ಏನು? ಈ ಪ್ರಶ್ನೆ ಅಲನ್ ಟ್ಯೂರಿಂಗ್ ಅವರನ್ನು ಮುಂದೆಯೂ ಬಿಡಲಿಲ್ಲ.

ಕಾಗದದ ಮೇಲೆ ಹುಟ್ಟಿದ ಕಂಪ್ಯೂಟರ್

1936ರಲ್ಲಿ ‘ಕಂಪ್ಯೂಟರ್’ ಎಂದರೆ ಕೂತು ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ. ಆ ವರ್ಷ ಕೇಂಬ್ರಿಜ್‌ನಲ್ಲಿದ್ದ 23ರ ಟ್ಯೂರಿಂಗ್ ಒಂದು ಪ್ರಬಂಧ ಬರೆದರು. ಚೌಕಗಳಾಗಿ ಭಾಗ ಮಾಡಿದ ಉದ್ದನೆಯ ಪಟ್ಟಿ, ಚೌಕದಲ್ಲಿರುವ ಚಿಹ್ನೆಯನ್ನು ಓದುವ, ಅಳಿಸುವ, ಬರೆಯುವ ಒಂದು ಸಾಧನ, ಕೆಲವು ನಿಯಮಗಳು. ಇಷ್ಟಿದ್ದರೆ ಯಾವ ಲೆಕ್ಕವನ್ನಾದರೂ ಹಂತ ಹಂತವಾಗಿ ಮಾಡಬಹುದು ಎಂದು ಅವರು ತೋರಿಸಿದರು. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರವೂ ಬೇಕಾಗಿಲ್ಲ. ನಿಯಮಗಳನ್ನೇ ಪಟ್ಟಿಯ ಮೇಲೆ ಬರೆದುಕೊಟ್ಟರೆ ಒಂದೇ ಯಂತ್ರ ಎಲ್ಲ ಯಂತ್ರಗಳ ಕೆಲಸ ಮಾಡುತ್ತದೆ. ನಿಮ್ಮ ಕೈಯಲ್ಲಿರುವ ಒಂದೇ ಫೋನು ಕ್ಯಾಮೆರಾ, ರೇಡಿಯೋ, ಬ್ಯಾಂಕು, ಪಂಚಾಂಗ ಎಲ್ಲವೂ ಆಗಿರುವುದು ಈ ವಿಚಾರದಿಂದಲೇ.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಅದು ಫಾರ್ವರ್ಡ್‌ಗಳಲ್ಲಿ ಬರುವುದಿಲ್ಲ. ಇಂಥ ಯಂತ್ರದಿಂದ ಎಂದಿಗೂ ಬಗೆಹರಿಯದ ಪ್ರಶ್ನೆಗಳಿವೆ ಎಂದು ಟ್ಯೂರಿಂಗ್ ಸಾಧಿಸಿ ತೋರಿಸಿದರು. ಎಷ್ಟೇ ವೇಗ, ಎಷ್ಟೇ ಮೆಮೊರಿ ಇದ್ದರೂ ಆಗುವುದಿಲ್ಲ. ಕಂಪ್ಯೂಟರಿಗೆ ಎಲ್ಲವೂ ಸಾಧ್ಯ ಎನ್ನುವವರಿಗೆ ಉತ್ತರ ಇಂದಿನ ಬಗೆಯ ಕಂಪ್ಯೂಟರ್ ಹುಟ್ಟುವ ಮೊದಲೇ ಸಿಕ್ಕಿತ್ತು.

ಯುದ್ಧ: ಒಬ್ಬರೇ ಮಾಡಿದ ಕೆಲಸವಲ್ಲ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಎನಿಗ್ಮಾ ಎಂಬ ಯಂತ್ರದಲ್ಲಿ ಸಂದೇಶಗಳನ್ನು ಗೂಢಲಿಪಿಗೆ ಬದಲಿಸಿ ಕಳಿಸುತ್ತಿತ್ತು. ಅದನ್ನು ಜೋಡಿಸುವ ಬಗೆಗಳ ಸಂಖ್ಯೆ ಸುಮಾರು 159ರ ಮುಂದೆ 18 ಸೊನ್ನೆ ಹಾಕಿದಷ್ಟು. ಬ್ರಿಟನ್ ಯುದ್ಧ ಘೋಷಿಸಿದ ಮರುದಿನವೇ, 1939ರ ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರಕ್ಕೆ ಬಂದರು.

ಆದರೆ ಎನಿಗ್ಮಾವನ್ನು ಮೊದಲು ಭೇದಿಸಿದವರು ಪೋಲೆಂಡಿನ ಗಣಿತಜ್ಞರಾದ ಮರಿಯನ್ ರೆಯೆವ್ಸ್ಕಿ, ಯೆಜಿ ರುಜಿತ್ಸ್ಕಿ ಮತ್ತು ಹೆನ್ರಿಕ್ ಜಿಗಾಲ್ಸ್ಕಿ. ತಮ್ಮ ದೇಶದ ಮೇಲೆ ದಾಳಿಯಾಗುವ ಕೆಲವೇ ವಾರಗಳ ಮುಂಚೆ ಪೋಲೆಂಡಿನವರು ತಮಗೆ ಗೊತ್ತಿದ್ದನ್ನೆಲ್ಲ ಬ್ರಿಟನ್ ಮತ್ತು ಫ್ರಾನ್ಸ್‌ಗೆ ತಿಳಿಸಿದರು. ಜರ್ಮನರು ಎನಿಗ್ಮಾವನ್ನು ಇನ್ನಷ್ಟು ಬಿಗಿಗೊಳಿಸುತ್ತಿದ್ದರು. ಅದಕ್ಕೆದುರಾಗಿ ಟ್ಯೂರಿಂಗ್ ‘ಬಾಂಬ್’ ಎಂಬ ಹೊಸ ಯಂತ್ರದ ವಿನ್ಯಾಸ ಮಾಡಿದರು. ಅದನ್ನು ಸುಧಾರಿಸಿದವರು ಗಾರ್ಡನ್ ವೆಲ್ಚ್‌ಮನ್. ಹಗಲಿರುಳು ಅದನ್ನು ನಡೆಸಿದವರಲ್ಲಿ ಹೆಚ್ಚಿನವರು ಯುವತಿಯರು.

ಆ ಯಂತ್ರ ಮಾಡುತ್ತಿದ್ದ ಕೆಲಸವೇನು? ಎನಿಗ್ಮಾದಲ್ಲಿ ಯಾವ ಅಕ್ಷರವೂ ತನ್ನಂತೆಯೇ ಹೊರಬರುತ್ತಿರಲಿಲ್ಲ. ‘ಎ’ ಒತ್ತಿದರೆ ‘ಎ’ ಬಿಟ್ಟು ಬೇರೆ ಯಾವುದಾದರೂ ಬರುತ್ತಿತ್ತು. ಜರ್ಮನರ ಹವಾಮಾನ ವರದಿಯಂಥ ಸಂದೇಶಗಳಲ್ಲಿ ಯಾವ ಪದ ಇರಬಹುದೆಂದು ಜನ ಊಹಿಸುತ್ತಿದ್ದರು. ಆ ಊಹೆಗೆ ಹೊಂದದ ಜೋಡಣೆಗಳನ್ನು ಯಂತ್ರ ಸರಸರನೆ ತಳ್ಳಿಹಾಕುತ್ತಿತ್ತು. ಉಳಿದದ್ದರಲ್ಲಿ ಯಾವುದು ಸರಿ ಎಂದು ಮತ್ತೆ ಜನರೇ ಪರೀಕ್ಷಿಸುತ್ತಿದ್ದರು. ಯಂತ್ರ ಜರಡಿ ಹಿಡಿಯುತ್ತಿತ್ತು, ತೀರ್ಮಾನ ಮನುಷ್ಯರದಾಗಿತ್ತು.

ಇದರಿಂದ ಯುದ್ಧ ಎರಡು ವರ್ಷ ಬೇಗ ಮುಗಿಯಿತು ಎಂದು ಫಾರ್ವರ್ಡ್‌ಗಳು ಹೇಳುತ್ತವೆ. ಅದು ಇತಿಹಾಸಕಾರರ ಅಂದಾಜೇ ಹೊರತು ಅಳೆದು ತೂಗಿದ ಅಂಕಿಯಲ್ಲ. ಕೆಲಸ ದೊಡ್ಡದಾಗಿತ್ತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ದನಿಯನ್ನು ಕಾಯಲು ಹೊರಟವರು

ಯುದ್ಧದ ಕೊನೆಯ ಹೊತ್ತಿಗೆ ಟ್ಯೂರಿಂಗ್ ಇನ್ನೊಂದು ಯಂತ್ರ ಮಾಡಿದರು. ಹೆಸರು ಡಿಲೈಲಾ. ಫೋನಿನಲ್ಲಿ ಮಾತಾಡುವ ದನಿಯನ್ನು ಕದ್ದು ಕೇಳುವವರಿಗೆ ಅರ್ಥವಾಗದಂತೆ ಕಲಸಿ, ಆ ಕಡೆ ಮತ್ತೆ ಸರಿಮಾಡುವ ಸಾಧನ ಅದು. ಚರ್ಚಿಲ್ ಭಾಷಣದ ರೆಕಾರ್ಡ್ ಹಾಕಿ ಅದನ್ನು ಪರೀಕ್ಷಿಸಿದರು. ಯಂತ್ರ ಕೆಲಸ ಮಾಡಿತು. ಆದರೆ ಯುದ್ಧ ಮುಗಿದದ್ದರಿಂದ ಬಳಕೆಗೆ ಬರಲಿಲ್ಲ.

ಈಗಿನ ಸ್ಥಿತಿ ನೋಡಿ. ಎಐ ಸಾಧನಗಳಿಗೆ ಒಬ್ಬರ ದನಿಯ ಚಿಕ್ಕದೊಂದು ತುಣುಕು ಸಿಕ್ಕಿದರೆ ಸಾಕು, ಅವರು ಆಡದ ಮಾತನ್ನು ಅವರದೇ ದನಿಯಲ್ಲಿ ಆಡಿಸುತ್ತವೆ. ಮಗನ ದನಿಯಲ್ಲಿ ಅಳುತ್ತಾ ಫೋನ್ ಬರುತ್ತದೆ: ಅಪಘಾತವಾಗಿದೆ, ಈಗಲೇ ಹಣ ಕಳಿಸಿ. ದನಿ ಗುರುತು ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ತಾಯಿ ನಂಬಿಬಿಡುತ್ತಾಳೆ.

ಇಲ್ಲೊಂದು ವಿಚಿತ್ರ ಸಂಗತಿ. ಟ್ಯೂರಿಂಗ್ 1951 ಮತ್ತು 1952ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡಿದ್ದರು. ಆದರೆ ಅವರ ದನಿಯ ರೆಕಾರ್ಡಿಂಗ್ ಒಂದೂ ಉಳಿದಿರುವುದು ಗೊತ್ತಿಲ್ಲ, ಬರಹದ ಪ್ರತಿಗಳು ಮಾತ್ರ ಇವೆ. ಹಾಗಾಗಿ ಟ್ಯೂರಿಂಗ್ ಅವರದೇ ದನಿ ಎಂದು ಯಾವುದಾದರೂ ವಿಡಿಯೋ ಬಂದರೆ ಅದು ನಟನದೋ ಯಂತ್ರದ್ದೋ ಆಗಿರುತ್ತದೆ. ಅವರ ಚಿತ್ರದ ಕೆಳಗೆ ಹಾಕಿ ಹಂಚುವ ಒಂದು ಪ್ರಸಿದ್ಧ ಸ್ಫೂರ್ತಿಯ ಸಾಲು ಕೂಡ ಅವರದಲ್ಲ, 2014ರ ‘ದಿ ಇಮಿಟೇಶನ್ ಗೇಮ್’ ಸಿನಿಮಾಕ್ಕೆ ಬರೆದ ಸಂಭಾಷಣೆ.

ಟ್ಯೂರಿಂಗ್ ಪರೀಕ್ಷೆ: ನಿಜಕ್ಕೂ ಕೇಳಿದ್ದೇನು?

1950ರ ಅಕ್ಟೋಬರಿನಲ್ಲಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗ, ಟ್ಯೂರಿಂಗ್ ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಯಂತ್ರ ಯೋಚಿಸುತ್ತದೆಯೇ ಎಂಬ ಪ್ರಶ್ನೆ ತೀರಾ ಅಸ್ಪಷ್ಟ ಎಂದು ಅವರಿಗೆ ಅನಿಸಿತು. ಅದನ್ನು ಪಕ್ಕಕ್ಕಿಟ್ಟು ಒಂದು ಆಟ ಹೂಡಿದರು.

ಒಂದು ಕೋಣೆಯಲ್ಲಿ ಪ್ರಶ್ನೆ ಕೇಳುವವರು. ಬೇರೆ ಕಡೆ ಕಣ್ಣಿಗೆ ಕಾಣದಂತೆ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ. ಪ್ರಶ್ನೋತ್ತರ ಟೈಪ್ ಮಾಡಿದ ಬರಹದಲ್ಲೇ ನಡೆಯಬೇಕು. ಯಾವುದು ಯಂತ್ರ ಎಂದು ಕಂಡುಹಿಡಿಯುವುದು ಕೇಳುವವರ ಕೆಲಸ. ಸುಮಾರು 50 ವರ್ಷಗಳಲ್ಲಿ, ಐದು ನಿಮಿಷದ ಮಾತುಕತೆಯ ನಂತರ ಸಾಮಾನ್ಯ ಜನ ಸರಿಯಾಗಿ ಗುರುತಿಸುವ ಸಾಧ್ಯತೆ ಶೇ. 70ಕ್ಕಿಂತ ಹೆಚ್ಚಿರುವುದಿಲ್ಲ ಎಂದು ಅವರು ಅಂದಾಜಿಸಿದರು.

ಗಮನಿಸಿ: ಈ ಆಟದಲ್ಲಿ ಯಂತ್ರ ನಿಜ ಹೇಳಬೇಕೆಂಬ ನಿಯಮವೇ ಇಲ್ಲ. ಮನುಷ್ಯರಂತೆ ತೋರಬೇಕು, ಅಷ್ಟೇ.

ಇದಕ್ಕೆ ಆ ಲೇಖನದಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಮಾದರಿ ಸಂಭಾಷಣೆಯಲ್ಲಿ 34957ಕ್ಕೆ 70764 ಕೂಡಿಸಲು ಕೇಳುತ್ತಾರೆ. ಸುಮಾರು 30 ಸೆಕೆಂಡು ಬಿಟ್ಟು 105621 ಎಂಬ ಉತ್ತರ ಬರುತ್ತದೆ. ಈಗ ನಿಮ್ಮ ಫೋನಿನ ಕ್ಯಾಲ್ಕುಲೇಟರ್ ತೆಗೆದು ನೋಡಿ. ಸರಿ ಉತ್ತರ 105721. ನೂರು ಕಡಿಮೆ! ಯಂತ್ರ ತೀರಾ ಚುರುಕಾಗಿ ಲೆಕ್ಕ ಮಾಡಿದರೆ ಸಿಕ್ಕಿಬೀಳುತ್ತದೆ, ಹಾಗಾಗಿ ಬೇಕೆಂದೇ ತಪ್ಪು ಮಾಡಬಹುದು ಎಂದು ಅದೇ ಲೇಖನದಲ್ಲಿ ಮುಂದೆ ಬರುತ್ತದೆ. ತಡಮಾಡುವುದು, ತಪ್ಪುವುದು ಎರಡೂ ಮನುಷ್ಯರ ವೇಷದ ಭಾಗ.

2014ರಲ್ಲಿ ಲಂಡನ್ನಿನಲ್ಲಿ ಇಂಥ ಸ್ಪರ್ಧೆ ನಡೆದು, ಯೂಜೀನ್ ಗೂಸ್ಟ್‌ಮನ್ ಎಂಬ ಚಾಟ್‌ಬಾಟ್ ತೀರ್ಪುಗಾರರಲ್ಲಿ ಶೇ. 33ರಷ್ಟು ಜನರನ್ನು ನಂಬಿಸಿತು. ಅದು ಹಾಕಿದ್ದ ವೇಷ ಉಕ್ರೇನಿನ 13 ವರ್ಷದ ಹುಡುಗನದು. ಉತ್ತರ ಗೊತ್ತಿಲ್ಲದಿದ್ದರೆ ಚಿಕ್ಕ ಹುಡುಗ, ಇಂಗ್ಲಿಷ್ ಬೇರೆ ಸರಿಯಾಗಿ ಬಾರದು ಎಂದು ಜನರೇ ಸಮಾಧಾನ ಮಾಡಿಕೊಂಡರು. ಪಾಸಾಗಿದ್ದು ಬುದ್ಧಿಯೋ, ವೇಷವೋ?

ಈಗಿನ ಚಾಟ್‌ಬಾಟ್‌ಗಳು ಅದಕ್ಕಿಂತ ಬಹಳ ಮುಂದೆ ಹೋಗಿವೆ. ಕನ್ನಡದಲ್ಲೂ ನಿರರ್ಗಳವಾಗಿ ಉತ್ತರಿಸುತ್ತವೆ. ಆದರೆ ಅವು ಇರದ ಪುಸ್ತಕದ ಹೆಸರು, ನಡೆಯದ ಘಟನೆ, ತಪ್ಪು ಔಷಧದ ಪ್ರಮಾಣವನ್ನೂ ಅಷ್ಟೇ ನಯವಾಗಿ ಹೇಳಬಲ್ಲವು. ಮಾತಿನ ಓಟ ನೋಡಿ ಸತ್ಯವನ್ನು ಅಳೆಯಲು ಬರುವುದಿಲ್ಲ.

ಗುರುವಿಗೇ ಗೊತ್ತಿಲ್ಲದ ಶಿಷ್ಯ

ಆ ಲೇಖನದ ಕೊನೆಯ ಭಾಗ ಇನ್ನೂ ಮುಖ್ಯ. ದೊಡ್ಡವರ ಬುದ್ಧಿಯನ್ನು ನೇರವಾಗಿ ಯಂತ್ರದಲ್ಲಿ ತುಂಬುವ ಬದಲು ಮಗುವಿನಂಥ ಯಂತ್ರ ಮಾಡಿ ಅದಕ್ಕೆ ಕಲಿಸಬಾರದೇಕೆ ಎಂದು ಟ್ಯೂರಿಂಗ್ ಕೇಳಿದರು. ಸರಿ ಮಾಡಿದರೆ ಬಹುಮಾನ, ತಪ್ಪಿದರೆ ಶಿಕ್ಷೆ. ಈಗಿನ ಎಐ ಬೆಳೆದದ್ದು ಹೆಚ್ಚುಕಡಿಮೆ ಈ ದಾರಿಯಲ್ಲೇ. ಹೀಗೆ ಕಲಿತ ಯಂತ್ರದ ಒಳಗೆ ಏನು ನಡೆಯುತ್ತಿದೆ ಎಂಬುದು ಕಲಿಸಿದವರಿಗೂ ಬಹುಪಾಲು ಗೊತ್ತಿರುವುದಿಲ್ಲ ಎಂದು ಅವರು ಅಂದೇ ಎಚ್ಚರಿಸಿದ್ದರು.

ಇದು ಈಗ ನಮ್ಮ ಮನೆ ಬಾಗಿಲಿಗೆ ಬಂದಿದೆ. ಸಾಲದ ಅರ್ಜಿ ಯಾಕೆ ತಿರಸ್ಕೃತವಾಯಿತು, ಕೆಲಸದ ಅರ್ಜಿ ಯಾಕೆ ಮೊದಲ ಸುತ್ತಿನಲ್ಲೇ ಬಿತ್ತು ಎಂದು ಕೇಳಿದರೆ ಸಿಸ್ಟಮ್ ಹಾಗೆ ತೋರಿಸುತ್ತಿದೆ ಎಂಬ ಉತ್ತರ ಬರುತ್ತದೆ. ಯಂತ್ರ ಕಲಿಯುವುದು ನಮ್ಮ ಹಳೆಯ ದಾಖಲೆಗಳಿಂದ. ಆ ದಾಖಲೆಗಳಲ್ಲಿ ಹೆಂಗಸರಿಗೆ, ಬಡವರಿಗೆ, ಯಾವುದೋ ಜಾತಿ ಅಥವಾ ಊರಿನವರಿಗೆ ಅನ್ಯಾಯವಾಗಿದ್ದರೆ ಯಂತ್ರ ಅದನ್ನೂ ಪಾಠವೆಂದೇ ಕಲಿಯುತ್ತದೆ. ಕಾರಣ ಹೇಳಲಾಗದ ತೀರ್ಮಾನಕ್ಕೆ ಹೊಣೆ ಯಾರು? ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲು ಬರುವುದಿಲ್ಲ. ಅದನ್ನು ಬಳಸಿದವರೇ ಉತ್ತರಿಸಬೇಕು.

ದೂರು ಕೊಟ್ಟವರೇ ಅಪರಾಧಿಯಾದರು

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಯಲ್ಲಿ ಕಳ್ಳತನವಾಯಿತು. ಅವರು ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯ ವೇಳೆ ಒಬ್ಬ ಯುವಕನೊಂದಿಗೆ ತಮಗಿದ್ದ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಲಿಂಗ ಸಂಬಂಧ ಆಗ ಬ್ರಿಟನ್ನಿನಲ್ಲಿ ಅಪರಾಧ. ಕಳ್ಳತನದ ದೂರು ಹಿಂದೆ ಸರಿಯಿತು, ದೂರು ಕೊಟ್ಟವರ ಮೇಲೆಯೇ ಮೊಕದ್ದಮೆ ಬಿತ್ತು.

ಜೈಲು, ಇಲ್ಲವೇ ಲೈಂಗಿಕ ಬಯಕೆಯನ್ನು ಕುಗ್ಗಿಸಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. ಟ್ಯೂರಿಂಗ್ ಎರಡನೆಯದನ್ನು ಒಪ್ಪಿಕೊಂಡರು. ದೇಹದಲ್ಲಿ ಬದಲಾವಣೆಗಳಾದವು. ಸರ್ಕಾರದ ಗುಪ್ತ ಕೆಲಸಗಳಿಂದ ಹೊರಗಿಟ್ಟರು. ಯುದ್ಧದಲ್ಲಿ ಅವರು ಮಾಡಿದ್ದು ಇನ್ನೂ ರಹಸ್ಯವಾಗಿತ್ತು, ಆದ್ದರಿಂದ ಅದನ್ನು ಹೊರಗೆ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಭಾರತದಲ್ಲೂ ಬ್ರಿಟಿಷರು ತಂದಿದ್ದ 377ನೇ ಸೆಕ್ಷನ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತ್ತು. ಪರಸ್ಪರ ಒಪ್ಪಿದ ವಯಸ್ಕರ ಮಟ್ಟಿಗೆ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 2018ರಲ್ಲಿ.

ಯಾವುದೋ ಒಂದು ಕೆಲಸಕ್ಕೆಂದು ಕೊಟ್ಟ ಮಾಹಿತಿ ಬೇರೆಯದಕ್ಕೆ ಬಳಕೆಯಾಗಿ ನಮಗೇ ತಿರುಗಿಬೀಳುವುದು ಹೀಗೆ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ಚಾಟ್‌ಬಾಟ್‌ಗೆ ಹೇಳಿಕೊಂಡ ಮನೆಯ ಜಗಳ, ಕಾಯಿಲೆ, ಸಂಬಳ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ? ಕೇಳಿದ ಉದ್ದೇಶಕ್ಕೆ ಮಾತ್ರ ಮಾಹಿತಿ ಬಳಸಬೇಕೆಂಬ ತತ್ವ ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಆದರೂ ‘ಅಲೋ’ ಒತ್ತುವ ಮೊದಲು ಒಂದು ಕ್ಷಣ ಯೋಚಿಸುವ ಕೆಲಸ ನಮ್ಮದೇ.

ಸೇಬಿನ ಕಥೆ

1954ರ ಜೂನ್ 7ರಂದು ಟ್ಯೂರಿಂಗ್ ತೀರಿಕೊಂಡರು. 42 ತುಂಬಲು 16 ದಿನ ಬಾಕಿ ಇತ್ತು. ಕಾರಣ ಸೈನೈಡ್ ವಿಷ. ಹಾಸಿಗೆಯ ಪಕ್ಕ ಅರ್ಧ ತಿಂದ ಸೇಬು ಸಿಕ್ಕಿತು. ವಿಚಾರಣೆಯಲ್ಲಿ ಆತ್ಮಹತ್ಯೆ ಎಂದು ತೀರ್ಮಾನವಾಯಿತು. ಆದರೆ ಆ ಸೇಬಿನಲ್ಲಿ ವಿಷ ಇತ್ತೇ ಎಂದು ಯಾರೂ ಪರೀಕ್ಷಿಸಲಿಲ್ಲ. ಮನೆಯಲ್ಲಿ ಸೈನೈಡ್ ಬಳಸಿ ಪ್ರಯೋಗ ಮಾಡುತ್ತಿದ್ದ ಮಗ ಆಕಸ್ಮಿಕವಾಗಿ ಸತ್ತ ಎಂದೇ ತಾಯಿ ನಂಬಿದ್ದರು.

ಆಪಲ್ ಲೋಗೋಗೂ ಇದಕ್ಕೂ ಸಂಬಂಧವಿಲ್ಲ. 1977ರಲ್ಲಿ ಅದನ್ನು ಬರೆದ ರಾಬ್ ಜಾನಾಫ್ ಹೇಳಿರುವ ಕಾರಣ ಸರಳ: ಕಚ್ಚಿದ ಗುರುತಿಲ್ಲದಿದ್ದರೆ ಚಿಕ್ಕದಾಗಿ ಮುದ್ರಿಸಿದಾಗ ಅದು ಚೆರ್ರಿ ಹಣ್ಣಿನಂತೆ ಕಾಣಬಹುದಿತ್ತು. ಅದರಲ್ಲಿದ್ದ ಕಾಮನಬಿಲ್ಲಿನ ಬಣ್ಣಗಳು ಆ ಕಂಪನಿಯ ಕಲರ್ ಕಂಪ್ಯೂಟರನ್ನು ಸೂಚಿಸಲು. ಸಲಿಂಗಿ ಚಳವಳಿಯ ಕಾಮನಬಿಲ್ಲಿನ ಬಾವುಟ ಬಂದದ್ದು ಮರುವರ್ಷ, 1978ರಲ್ಲಿ.

ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ 2009ರಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಕ್ಷಮಾದಾನ ಕೊಟ್ಟರು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಟ್ಯೂರಿಂಗ್ ಚಿತ್ರ ಬಂತು. ಅಷ್ಟು ಹೊತ್ತಿಗೆ ಅವರು ಹೋಗಿ 67 ವರ್ಷವಾಗಿತ್ತು.

ಹಾಗಾದರೆ ನಾವೇನು ಮಾಡಬೇಕು?

ಎಐ ಬಳಸಬಾರದು ಎಂದಲ್ಲ. ಭಾಷಾಂತರಕ್ಕೆ, ಪತ್ರ ಬರೆಯಲು, ಮಕ್ಕಳ ಪಾಠ ಅರ್ಥಮಾಡಿಕೊಳ್ಳಲು ಅದು ಒಳ್ಳೆಯ ಸಹಾಯಕ. ಟ್ಯೂರಿಂಗ್ ಬದುಕಿನಿಂದ ಈ ನಾಲ್ಕು ಮಾತು ನೆನಪಿರಲಿ.

1. ದನಿ, ಮುಖ, ಬರಹ ಇವು ಯಾವುವೂ ಈಗ ಗುರುತಿನ ಪುರಾವೆ ಅಲ್ಲ. ಹಣ ಕೇಳುವ ಫೋನ್ ಬಂದರೆ ಕಟ್ ಮಾಡಿ, ನಿಮ್ಮಲ್ಲಿರುವ ಹಳೆಯ ನಂಬರಿಗೆ ನೀವೇ ಕರೆ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

2. ಔಷಧ, ಕಾನೂನು, ಹಣದ ವಿಷಯದಲ್ಲಿ ಚಾಟ್‌ಬಾಟ್ ಹೇಳಿದ್ದನ್ನು ಡಾಕ್ಟರ್, ವಕೀಲರು ಅಥವಾ ಬ್ಯಾಂಕಿನವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

3. ಯಂತ್ರ ನಿಮ್ಮ ಅರ್ಜಿ ತಿರಸ್ಕರಿಸಿದರೆ ಕಾರಣ ಕೇಳಿ, ಮನುಷ್ಯರೊಬ್ಬರು ಮತ್ತೆ ನೋಡಲಿ ಎಂದು ಬರೆದು ಕೊಡಿ.

4. ಫಾರ್ವರ್ಡ್ ಒತ್ತುವ ಮೊದಲು ಪರಿಶೀಲಿಸಿ. ಆ ಸಂದೇಶ ಯಂತ್ರ ಬರೆದದ್ದೇ ಇರಬಹುದು, ಆದರೆ ಅದು ನಿಮ್ಮ ಬಂಧುಗಳಿಗೆ ತಲುಪುವುದು ನಿಮ್ಮ ಹೆಸರಿನಲ್ಲಿ.

ಅವರ ಆಟದಲ್ಲಿ ಪ್ರಶ್ನೆ ಕೇಳುವವರಿಗೆ ಒಂದು ಅನುಕೂಲವಿತ್ತು: ಎದುರಿಗಿರುವ ಇಬ್ಬರಲ್ಲಿ ಒಂದು ಯಂತ್ರ ಎಂದು ಅವರಿಗೆ ಮೊದಲೇ ಗೊತ್ತಿತ್ತು. ನಮಗೆ ಅದನ್ನು ಯಾರೂ ಹೇಳುತ್ತಿಲ್ಲ. ಆದ್ದರಿಂದ ಇನ್ನು ಮುಂದೆ ಸಂಶಯ ಬಂದಾಗಲೆಲ್ಲ ನಾವೇ ಪರೀಕ್ಷಕರಾಗಬೇಕು.